ತಂಗಳು ದರಕ್ಕೆ ತಾಜಾ ಮೊಹರು: ಆ್ಯಪ್‌ಗಳ ಹಿನ್ನೆಲೆ ನವೀಕರಣ ಎಲ್ಲಿ ತಪ್ಪುತ್ತದೆ

ಕಳೆದ ಸುಗ್ಗಿಯ ಒಂದು ಬೆಳಿಗ್ಗೆ ದಾವಣಗೆರೆ ಎಪಿಎಂಸಿ ಪ್ರಾಂಗಣದ ದಲಾಲಿ ಅಂಗಡಿಯೊಂದರ ಕಟ್ಟೆಯ ಮೇಲೆ ಕುಳಿತಿದ್ದಾಗ, ಜಗಳೂರು ಕಡೆಯಿಂದ ಮೆಕ್ಕೆಜೋಳ ತಂದಿದ್ದ ಹಿರಿಯ ರೈತರೊಬ್ಬರು ತಮ್ಮ ಮೊಬೈಲನ್ನು ಅಂಗಡಿಯವರ ಮುಂದೆ ಹಿಡಿದರು. "ನೋಡ್ರಿ ಸಾವ್ಕಾರ್ರೆ, ಇವತ್ತಿನ ರೇಟು ಅಂತ ಇದರಾಗೇ ಐತಲ್ಲ" ಎಂದು ಅವರ ಮಾತು. ಅಂಗಡಿಯವರು ಕನ್ನಡಕ ಸರಿಮಾಡಿಕೊಂಡು ನೋಡಿ, "ಇವತ್ತಿನ ಟೆಂಡರೇ ಇನ್ನೂ ಆಗಿಲ್ಲ ಯಜಮಾನ್ರೆ, ಇದು ಮೊನ್ನೆದು" ಎಂದರು. ನಾನು ಮೊಬೈಲನ್ನು ಕೇಳಿ ಪಡೆದು ಪರದೆಯನ್ನು ಬೆರಳಿನಿಂದ ಕೆಳಕ್ಕೆ ಎಳೆದೆ. ಚಕ್ರ ಸ್ವಲ್ಪ ಹೊತ್ತು ತಿರುಗಿ, ಮಾದರಿ ಬೆಲೆ, ಅಂದರೆ ಹೆಚ್ಚು ಮಾಲು ಮಾರಾಟವಾದ ದರ, ಕ್ವಿಂಟಾಲಿಗೆ 140 ರೂಪಾಯಿ ಕಡಿಮೆಯಾಗಿ ಬಂತು. ಅದು ಹಿಂದಿನ ದಿನದ ದರ. ಆದರೆ ಎಳೆಯುವ ಮೊದಲೂ ಎಳೆದ ನಂತರವೂ ಮೇಲಿನ ಪಟ್ಟಿಯಲ್ಲಿ "ಇಂದಿನ ದರ" ಎಂದೇ ಇತ್ತು, ಪಕ್ಕದಲ್ಲಿ ಆ ದಿನದ ತಾರೀಖೂ ಇತ್ತು. ಟೆಂಪೊ ಬಾಡಿಗೆಗೆ ಹಿಡಿದು ಮಾಲು ತುಂಬಿಸುವ ಮೊದಲು ಅವರು ನಂಬಿದ್ದು ಅದೇ ಪಟ್ಟಿಯನ್ನು.

ಸಾಫ್ಟ್‌ವೇರ್ ಕೆಲಸದಲ್ಲಿರುವ ನನಗೆ ಆ ಪರದೆಯ ಹಿಂದೆ ಏನು ನಡೆದಿರಬಹುದು ಎಂಬುದು ಬೇಗ ಹೊಳೆಯಿತು. ಅಲ್ಲಿ ಒಂದಲ್ಲ, ಎರಡು ತಪ್ಪುಗಳಿದ್ದವು. ಎರಡು ದಿನಗಳಿಂದ ಮಾಹಿತಿ ಹಿನ್ನೆಲೆಯಲ್ಲಿ ನವೀಕರಣಗೊಂಡಿರಲಿಲ್ಲ ಎಂಬುದು ಮೊದಲನೆಯದು. ಅದಕ್ಕಿಂತ ದೊಡ್ಡದಾದ ಎರಡನೆಯ ತಪ್ಪೆಂದರೆ, ಆ ಆ್ಯಪ್ ತನ್ನಲ್ಲಿರುವ ಮಾಹಿತಿಯ ವಯಸ್ಸನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, ಮೊಬೈಲಿನ ಗಡಿಯಾರ ತೋರಿಸಿದ ತಾರೀಖನ್ನು ದರದ ಪಕ್ಕದಲ್ಲಿ ಅಂಟಿಸಿಬಿಟ್ಟಿತ್ತು. ಮೊದಲನೆಯದು ಯಾವ ವ್ಯವಸ್ಥೆಯಲ್ಲೂ ಆಗಬಹುದಾದದ್ದು, ಅದನ್ನು ಪೂರ್ತಿ ತಪ್ಪಿಸಲು ಯಾರಿಂದಲೂ ಆಗದು. ಎರಡನೆಯದನ್ನು ಮಾತ್ರ ಖಂಡಿತವಾಗಿ ತಪ್ಪಿಸಬಹುದು, ಮತ್ತು ಅದನ್ನು ತಪ್ಪಿಸದಿರುವುದಕ್ಕೆ ಯಾವ ಸಮರ್ಥನೆಯೂ ಇಲ್ಲ ಎಂಬುದು ನನ್ನ ನಿಲುವು.

ಆ್ಯಪ್‌ಗಳು ಸರ್ವರ್‌ನಿಂದ ಒಮ್ಮೆ ತಂದ ಮಾಹಿತಿಯ ಪ್ರತಿಯನ್ನು ಹತ್ತಿರದಲ್ಲೇ ಇಟ್ಟುಕೊಳ್ಳುವ ಪದ್ಧತಿಗೆ ತಂತ್ರಜ್ಞರು ಕ್ಯಾಶ್ ಎನ್ನುತ್ತಾರೆ. ಆ ಪದ ನಮ್ಮ ಕಿವಿಗೆ ದುಡ್ಡಿನಂತೆಯೇ ಕೇಳಿಸುವುದರಿಂದ ಇಲ್ಲಿ ಅದನ್ನು ಮಂಡಿಪೇಟೆಯ ಮಾತಿನಲ್ಲಿ ದಾಸ್ತಾನು ಎಂದು ಕರೆಯುತ್ತೇನೆ. ದಾಸ್ತಾನು ಏಕೆ ಬೇಕು ಎಂಬುದನ್ನು ವಾರಕ್ಕೆ ಕೆಲವೇ ದಿನ ನಲ್ಲಿ ನೀರು ಕಾಣುವ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನೀರು ಬಂದಾಗ ಸಂಪು ತುಂಬಿಸಿಕೊಂಡು, ಅಲ್ಲಿಂದ ಮೇಲಿನ ಟ್ಯಾಂಕಿಗೆ ಹತ್ತಿಸಿ, ಬಚ್ಚಲಿನ ನಲ್ಲಿ ತಿರುಗಿಸಿದ ಕೂಡಲೇ ನೀರು ಬರುವಂತೆ ಮಾಡಿಕೊಂಡಿದ್ದೇವೆ. ನಾವು ಸ್ನಾನ ಮಾಡುತ್ತಿರುವಾಗಲೇ ಮೋಟಾರು ತನ್ನ ಪಾಡಿಗೆ ಟ್ಯಾಂಕನ್ನು ತುಂಬಿಸುತ್ತಿರುತ್ತದೆ. ಹಿನ್ನೆಲೆ ನವೀಕರಣವೆಂದರೆ ಇದೇ. ಕೇಳಿದವರನ್ನು ಕಾಯಿಸದೆ ಕೈಯಲ್ಲಿರುವುದನ್ನು ಕೊಟ್ಟು, ಅದೇ ಹೊತ್ತಿಗೆ ಹೊಸದನ್ನು ತರಿಸಿಕೊಳ್ಳುವುದು. ವ್ಯತ್ಯಾಸವೊಂದಿದೆ. ಟ್ಯಾಂಕು ಖಾಲಿಯಾದರೆ ನಲ್ಲಿ ಒಣಗಿ ನಮಗೆ ಗೊತ್ತಾಗುತ್ತದೆ. ಮಾಹಿತಿಯ ದಾಸ್ತಾನು ಎಂದೂ ಖಾಲಿಯಾಗುವುದಿಲ್ಲ. ಮೋಟಾರು ಸುಟ್ಟುಹೋಗಿ ವಾರವಾಗಿದ್ದರೂ ಅದು ಹಳೆಯದನ್ನೇ ಅಷ್ಟೇ ವೇಗದಲ್ಲಿ, ಅಷ್ಟೇ ಠೀವಿಯಿಂದ ಕೊಡುತ್ತಿರುತ್ತದೆ.

ಈ ಪದ್ಧತಿಗೆ ವೆಬ್ ಜಗತ್ತಿನಲ್ಲಿ ಬರಹರೂಪದ ನಿಯಮವಿದೆ. 2010ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 5861 ಎಂಬ ದಾಖಲೆಯಲ್ಲಿ ಮಾರ್ಕ್ ನಾಟಿಂಗ್‌ಹ್ಯಾಮ್ ಅವರು ಸ್ಟೇಲ್-ವೈಲ್-ರೀವ್ಯಾಲಿಡೇಟ್ ಮತ್ತು ಸ್ಟೇಲ್-ಇಫ್-ಎರರ್ ಎಂಬ ಎರಡು ಸೂಚನೆಗಳನ್ನು ವಿವರಿಸಿದರು. ಸರ್ವರ್ ಒಂದು ಉತ್ತರವನ್ನು ಕಳಿಸುವಾಗ, 'ಇದು 10 ನಿಮಿಷದವರೆಗೆ ತಾಜಾ. ಅದಾದ ಮೇಲೆ ಇನ್ನೊಂದು ಗಂಟೆಯ ತನಕ ಯಾರಾದರೂ ಕೇಳಿದರೆ ಹಳೆಯದನ್ನೇ ಕೊಟ್ಟು ಹಿಂದಿನಿಂದ ಹೊಸದನ್ನು ತರಿಸು. ಆ ಗಂಟೆಯೂ ಮುಗಿದಿದ್ದರೆ ಕೇಳಿದವರನ್ನು ಕಾಯಿಸಿಯಾದರೂ ಹೊಸದನ್ನೇ ಕೊಡು' ಎಂದು ಮೊದಲ ಸೂಚನೆಯ ಮೂಲಕ ತಿಳಿಸಬಹುದು. ಸರ್ವರ್ ಕೆಟ್ಟು ನಿಂತಾಗ ಎಷ್ಟು ಹೊತ್ತಿನವರೆಗೆ ಹಳೆಯದರಲ್ಲೇ ಸಂಭಾಳಿಸಬಹುದು ಎಂಬುದನ್ನು ಎರಡನೆಯದು ಹೇಳುತ್ತದೆ. ಗೂಗಲ್ ಕ್ರೋಮ್ ಬ್ರೌಸರ್ 2019ರಲ್ಲಿ ಬಂದ ತನ್ನ 75ನೇ ಆವೃತ್ತಿಯಿಂದ ಮೊದಲ ಸೂಚನೆಯನ್ನು ಪಾಲಿಸುತ್ತಿದೆ. ಎರಡರಲ್ಲೂ ಹಳೆಯದನ್ನು ಕೊಡುವುದಕ್ಕೆ ಒಂದು ಗಡಿಯನ್ನು ಹಾಕಲಾಗಿದೆ ಎಂಬುದನ್ನು ಗಮನಿಸಬೇಕು. ಆ ಗಡಿಯೇ ಈ ಪದ್ಧತಿಯ ಜೀವ. ನನ್ನ ಕೈಗೆ ಬಂದಿದ್ದ ಆ ಆ್ಯಪಿನಲ್ಲಿ ಅದೇ ಇದ್ದಂತೆ ಕಾಣಲಿಲ್ಲ.

ಗಡಿ ಇದ್ದರೂ ಒಂದು ಸೂಕ್ಷ್ಮ ಉಳಿಯುತ್ತದೆ. ಈ ವಿಧಾನದಲ್ಲಿ ಹೊಸ ಮಾಹಿತಿ ತರಿಸುವ ಕೆಲಸ ಆರಂಭವಾಗುವುದು ಯಾರಾದರೂ ಬಂದು ಕೇಳಿದಾಗ. ಹಾಗೆ ಕೇಳಿದವರಿಗೆ ಸಿಗುವುದು ಹಳೆಯದು, ಅವರ ಕೇಳಿಕೆಯ ಫಲ ದಕ್ಕುವುದು ಅವರ ಹಿಂದೆ ಬಂದವರಿಗೆ. ಜಾವಾ ಭಾಷೆಯಲ್ಲಿ ಸರ್ವರ್ ತಂತ್ರಾಂಶ ಬರೆಯುವವರು ಬಳಸುವ ಗ್ವಾವಾ, ಕೆಫೀನ್ ಎಂಬ ಲೈಬ್ರರಿಗಳಲ್ಲಿ (ಸಿದ್ಧ ಕೋಡ್‌ನ ಸಂಗ್ರಹಗಳಲ್ಲಿ) ಇರುವ ರಿಫ್ರೆಶ್-ಆಫ್ಟರ್-ರೈಟ್ ಎಂಬ ಸೌಲಭ್ಯವೂ ಹೀಗೆಯೇ ನಡೆಯುತ್ತದೆ. ನಿಗದಿತ ಅವಧಿ ಮುಗಿದ ಮಾತ್ರಕ್ಕೆ ಅದು ತಾನಾಗಿ ಓಡಿಹೋಗಿ ಹೊಸದನ್ನು ತರುವುದಿಲ್ಲ, ಅವಧಿ ಮುಗಿದ ಮೇಲೆ ಬಂದ ಮೊದಲ ಕೇಳಿಕೆಗಾಗಿ ಕಾಯುತ್ತದೆ. ದಾವಣಗೆರೆಯ ಮೆಕ್ಕೆಜೋಳದ ದರವನ್ನು ನಿಮಿಷಕ್ಕೆ ನೂರು ಜನ ಕೇಳುತ್ತಿದ್ದರೆ ಇದರಿಂದ ತೊಂದರೆಯಿಲ್ಲ. ಒಬ್ಬರ ಕೇಳಿಕೆ ಇನ್ನೊಬ್ಬರ ದಾಸ್ತಾನನ್ನು ತಾಜಾ ಇಡುತ್ತದೆ, ಹಳೆಯದು ಸಿಕ್ಕವರಿಗೂ ಅದು ಕೆಲವೇ ಸೆಕೆಂಡುಗಳಷ್ಟು ಹಳೆಯದು. ಮೊಳಕಾಲ್ಮುರು ಕಡೆಯ ಯಾವುದೋ ಚಿಕ್ಕ ಮಾರುಕಟ್ಟೆಯ ಶೇಂಗಾ ದರವನ್ನು ದಿನಕ್ಕೆ ಒಬ್ಬರೋ ಇಬ್ಬರೋ ಕೇಳುವಂತಿದ್ದರೆ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಲಿ ಕೇಳಿದ ಪ್ರತಿಯೊಬ್ಬರೂ ಮೊದಲಿಗರೇ, ಆದ್ದರಿಂದ ಪ್ರತಿಯೊಬ್ಬರಿಗೂ ಸಿಗುವುದು ತಂಗಳೇ. ಇದೇ ಲೈಬ್ರರಿಗಳಲ್ಲಿ ಎಕ್ಸ್‌ಪೈರ್-ಆಫ್ಟರ್-ರೈಟ್ ಎಂಬ ಇನ್ನೊಂದು ಸೌಲಭ್ಯವಿದ್ದು, ಅದರಲ್ಲಿ ಒಂದು ಅವಧಿಯನ್ನು ಹಾಕಿದರೆ ಅದನ್ನು ದಾಟಿದ ದಾಸ್ತಾನನ್ನು ಯಾರಿಗೂ ಕೊಡದೆ ತೆಗೆದುಹಾಕುತ್ತದೆ. ಎರಡನ್ನೂ ಜೋಡಿಸಿ ಬಳಸಬೇಕೆಂಬುದು ಗೊತ್ತಿರುವ ವಿಷಯವೇ. ಆದರೂ ಮೊದಲನೆಯದನ್ನು ಮಾತ್ರ ಬರೆದು ಕೈತೊಳೆದುಕೊಂಡ ತಂತ್ರಾಂಶಗಳನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಬರೆದವರು ಪರೀಕ್ಷೆ ಮಾಡುವುದು ಹೆಚ್ಚು ಜನ ಕೇಳುವ ಮಾಹಿತಿಯ ಮೇಲೆ, ಅಲ್ಲಿ ಈ ದೋಷ ಎಂದೂ ಕಣ್ಣಿಗೆ ಬೀಳುವುದಿಲ್ಲ.

ಇದು ಸರ್ವರ್ ಕಡೆಯ ಮಾತಾಯಿತು. ಮೊಬೈಲಿನ ಕಡೆಗೆ ಬಂದರೆ ಅಸಮಾನತೆ ಇನ್ನೂ ಢಾಳಾಗಿ ಕಾಣುತ್ತದೆ. ಹಿನ್ನೆಲೆಯಲ್ಲಿ ಯಾವ ಆ್ಯಪ್ ಯಾವಾಗ ಎದ್ದು ಕೆಲಸ ಮಾಡಬೇಕೆಂಬುದನ್ನು ಈಗ ಆ್ಯಪ್ ತೀರ್ಮಾನಿಸುವುದಿಲ್ಲ, ಮೊಬೈಲಿನ ಕಾರ್ಯಾಚರಣಾ ವ್ಯವಸ್ಥೆ ತೀರ್ಮಾನಿಸುತ್ತದೆ. ಐಫೋನ್‌ಗಳಲ್ಲಿ 2013ರ ಐಒಎಸ್ 7ರಿಂದ ಹಿನ್ನೆಲೆಯಲ್ಲಿ ಮಾಹಿತಿ ತರುವ ಅವಕಾಶವಿದೆ. ಯಾವಾಗ ತರಬೇಕೆಂಬುದನ್ನು ಮಾತ್ರ ಬಳಕೆದಾರರ ರೂಢಿಯನ್ನು ನೋಡಿ ವ್ಯವಸ್ಥೆಯೇ ನಿರ್ಧರಿಸುತ್ತದೆ, ಸಿಗುವ ಸಮಯವೂ ಅರ್ಧ ನಿಮಿಷದಷ್ಟೇ. ಆಂಡ್ರಾಯ್ಡ್‌ನಲ್ಲಿ 2015ರ 6.0 ಆವೃತ್ತಿಯೊಂದಿಗೆ ಡೋಜ್ ಎಂಬ ವ್ಯವಸ್ಥೆ ಬಂತು. ಚಾರ್ಜಿಗೆ ಹಾಕದ, ಪರದೆ ಆರಿದ, ಅಲುಗಾಡದೆ ಬಿದ್ದಿರುವ ಮೊಬೈಲಿನಲ್ಲಿ ಹಿನ್ನೆಲೆ ಕೆಲಸಗಳನ್ನೂ ನೆಟ್‌ವರ್ಕ್ ಬಳಕೆಯನ್ನೂ ಅದು ತಡೆದು ನಿಲ್ಲಿಸಿ, ಆಗೊಮ್ಮೆ ಈಗೊಮ್ಮೆ ಮಾತ್ರ ಸಣ್ಣ ಬಿಡುವು ಕೊಡುತ್ತದೆ. 2018ರ ಆಂಡ್ರಾಯ್ಡ್ 9 ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎಷ್ಟು ಸಲ ಬಳಸುತ್ತೀರಿ ಎಂಬುದರ ಮೇಲೆ ಆ್ಯಪ್‌ಗಳನ್ನು ದರ್ಜೆಗಳಾಗಿ ವಿಂಗಡಿಸಿತು. ಅಪರೂಪಕ್ಕೆ ಬಳಸುವ ದರ್ಜೆಗೆ ಬಿದ್ದ ಆ್ಯಪಿನ ಹಿನ್ನೆಲೆ ಕೆಲಸವನ್ನು 24 ಗಂಟೆಗಳವರೆಗೆ ಮುಂದೂಡಲು ಅದರಲ್ಲಿ ಅವಕಾಶವಿದೆ. ಬ್ಯಾಟರಿಯ ಬಾಳಿಕೆಗೆ ಇವೆಲ್ಲ ಬೇಕಾದವೇ, ಅದರಲ್ಲಿ ಎರಡು ಮಾತಿಲ್ಲ.

ಈಗ ಜಗಳೂರಿನ ಆ ರೈತರ ಮೊಬೈಲನ್ನು ನೆನೆಯಿರಿ. ಮಾರುಕಟ್ಟೆ ದರದ ಆ್ಯಪನ್ನು ಅವರು ತೆರೆಯುವುದು ಫಸಲು ಕೈಗೆ ಬಂದಾಗ, ವರ್ಷದಲ್ಲಿ ಎರಡು ಮೂರು ವಾರ. ಉಳಿದ ತಿಂಗಳುಗಳಲ್ಲಿ ಅದು ಮುಟ್ಟದೆ ಬಿದ್ದಿರುತ್ತದೆ, ಆದ್ದರಿಂದ ಮೊಬೈಲ್ ಅದನ್ನು ಸಹಜವಾಗಿಯೇ ಕೆಳಗಿನ ದರ್ಜೆಗೆ ತಳ್ಳಿರುತ್ತದೆ. ಮಾಹಿತಿ ಅತಿ ಜರೂರಾಗಿ ಬೇಕಾದ ಆ ಬೆಳಿಗ್ಗೆ ಅವರು ಆ್ಯಪ್ ತೆರೆದಾಗ ಒಳಗಿರುವುದು ಅತಿ ಹಳೆಯ ದಾಸ್ತಾನು. ಇದಕ್ಕೆ ಆ್ಯಪ್ ಬರೆದವರ ಷರತ್ತುಗಳೂ ಸೇರಿಕೊಳ್ಳುತ್ತವೆ. ಆಂಡ್ರಾಯ್ಡ್‌ನ ವರ್ಕ್‌ಮ್ಯಾನೇಜರ್ ಎಂಬ ಸಾಧನದಲ್ಲಿ ಮರುಕಳಿಸುವ ಕೆಲಸಕ್ಕೆ ಕನಿಷ್ಠ 15 ನಿಮಿಷದ ಅಂತರವಿರಬೇಕು ಎಂಬ ನಿಯಮವಿದೆ. ಜೊತೆಗೆ ವೈಫೈ ಇದ್ದಾಗ ಮಾತ್ರ, ಚಾರ್ಜಿಗೆ ಹಾಕಿದ್ದಾಗ ಮಾತ್ರ ಎಂಬಂಥ ಷರತ್ತುಗಳನ್ನು ಬರೆದವರು ತಾವೇ ಸೇರಿಸಬಹುದು. ಬಳಕೆದಾರರ ಡೇಟಾ ಉಳಿಯಲಿ ಎಂಬ ಸದುದ್ದೇಶದಿಂದಲೇ ವೈಫೈ ಷರತ್ತನ್ನು ಹಾಕುತ್ತಾರೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಕುಳಿತು ಬರೆದವರ ಮೊಬೈಲಿನಲ್ಲಿ ಆ ಷರತ್ತು ಪ್ರತಿ ರಾತ್ರಿ ತಾನಾಗಿ ಪೂರೈಸುತ್ತದೆ. ವೈಫೈ ಎಂಬುದೇ ಇಲ್ಲದ ಹಳ್ಳಿಯ ಮನೆಯಲ್ಲಿ, ಸಿಮ್ಮಿನ ಡೇಟಾದ ಮೇಲೆಯೇ ನಡೆಯುವ ಮೊಬೈಲಿನಲ್ಲಿ, ಅದು ಒಂದು ರಾತ್ರಿಯೂ ಪೂರೈಸುವುದಿಲ್ಲ. ಒಂದು ದಿನದ ದರಪಟ್ಟಿಯ ಗಾತ್ರ ಒಂದು ಫೋಟೊದ ಗಾತ್ರಕ್ಕಿಂತ ಎಷ್ಟೋ ಚಿಕ್ಕದು. ಅಷ್ಟನ್ನು ತರಲು ವೈಫೈ ಕಾಯಬೇಕೆನ್ನುವುದು ಉಳಿತಾಯವಲ್ಲ. ಈ ಒಂದು ಷರತ್ತನ್ನು ತೆಗೆದುಹಾಕಿದರೆ ನಮ್ಮ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳ ಎಷ್ಟೋ ಮೊಬೈಲುಗಳಲ್ಲಿ ಮಾಹಿತಿ ತಾನಾಗಿ ತಾಜಾ ಆಗುತ್ತದೆ.

ದಾಸ್ತಾನು ಇರುವುದು ಮೊಬೈಲಿನಲ್ಲಿ ಮಾತ್ರವೂ ಅಲ್ಲ. ಚಿತ್ರದುರ್ಗದ ಕೋಟೆಯಲ್ಲಿ ಮಳೆನೀರು ಗೋಪಾಲಸ್ವಾಮಿ ಹೊಂಡ ತುಂಬಿ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ ಇಳಿದು ಬರುತ್ತಿದ್ದ ಏರ್ಪಾಡನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾದೀತು. ಮಾರುಕಟ್ಟೆಯಲ್ಲಿ ನಮೂದಾದ ದರ ಮೊದಲು ಮೂಲ ಸರ್ವರ್‌ಗೆ ಬರುತ್ತದೆ, ಆ್ಯಪ್ ನಡೆಸುವವರ ಸರ್ವರ್ ಅದರದೊಂದು ಪ್ರತಿಯನ್ನು ಇಟ್ಟುಕೊಳ್ಳುತ್ತದೆ, ನಡುವೆ ವೇಗಕ್ಕಾಗಿ ಇರುವ ವಿತರಣಾ ಜಾಲ ಇನ್ನೊಂದನ್ನು, ಮೊಬೈಲು ಮತ್ತೊಂದನ್ನು ಇಟ್ಟುಕೊಳ್ಳುತ್ತವೆ. ಪ್ರತಿಯೊಂದು ಹೊಂಡವೂ ತನ್ನ ಲೆಕ್ಕದಲ್ಲಿ ಸರಿಯಾಗಿಯೇ ಇರುತ್ತದೆ. ಮೊದಲನೆಯದು 30 ನಿಮಿಷಕ್ಕೊಮ್ಮೆ, ಎರಡನೆಯದು 15 ನಿಮಿಷಕ್ಕೊಮ್ಮೆ, ಮೂರನೆಯದು 15 ನಿಮಿಷಕ್ಕೊಮ್ಮೆ ತನ್ನ ಮೇಲಿನದರಿಂದ ತುಂಬಿಸಿಕೊಳ್ಳುತ್ತದೆ ಎಂದುಕೊಳ್ಳಿ. ಯಾರನ್ನು ಕೇಳಿದರೂ 'ನಮ್ಮದು ಅರ್ಧ ಗಂಟೆಗಿಂತ ಹಳೆಯದಾಗುವುದೇ ಇಲ್ಲ' ಎಂದು ಪ್ರಾಮಾಣಿಕವಾಗಿ ಹೇಳುತ್ತಾರೆ, ಆದರೆ ಕೆಟ್ಟ ಗಳಿಗೆಯಲ್ಲಿ ಮೂರೂ ಕೂಡಿ ಪರದೆಯ ಮೇಲಿನ ಅಂಕಿ ಒಂದು ಗಂಟೆಯಷ್ಟು ಹಳೆಯದಾಗಿರುತ್ತದೆ. ವೆಬ್‌ನ ಎಚ್‌ಟಿಟಿಪಿ ನಿಯಮಾವಳಿಯಲ್ಲಿ ಇದಕ್ಕಾಗಿಯೇ ಏಜ್ ಎಂಬ ಗುರುತು ಇದೆ. ಉತ್ತರವೊಂದು ದಾರಿಯ ದಾಸ್ತಾನುಗಳಲ್ಲಿ ಎಷ್ಟು ಸೆಕೆಂಡು ಕಳೆದಿದೆ ಎಂಬುದನ್ನು ಅದು ಹೊತ್ತು ತರುತ್ತದೆ. ಆ್ಯಪ್‌ಗಳು ತಾವೇ ಕಟ್ಟಿಕೊಳ್ಳುವ ದಾಸ್ತಾನುಗಳಲ್ಲಿ ಇಂಥ ಗುರುತನ್ನು ಮುಂದಕ್ಕೆ ಸಾಗಿಸುವ ರೂಢಿ ಕಡಿಮೆ.

ಇಲ್ಲಿಯೇ ಮೂರು ಬೇರೆ ಬೇರೆ ಹೊತ್ತುಗಳು ಒಂದಾಗಿ ಕಲಸಿಹೋಗುತ್ತವೆ. ಟೆಂಡರಿನಲ್ಲಿ ದರ ನಿಗದಿಯಾದ ಹೊತ್ತು ಒಂದು, ಅದು ಸರ್ವರ್‌ಗೆ ಸೇರಿದ ಹೊತ್ತು ಇನ್ನೊಂದು, ಮೊಬೈಲು ಅದನ್ನು ತಂದ ಹೊತ್ತು ಮತ್ತೊಂದು. 'ಈಗಷ್ಟೇ ನವೀಕರಿಸಲಾಗಿದೆ' ಎಂಬ ಸಾಲು ಹೇಳುವುದು ಮೂರನೆಯದನ್ನು, ಓದುವವರು ತಿಳಿದುಕೊಳ್ಳುವುದು ಮೊದಲನೆಯದನ್ನು. ಈಗ ತಾನೇ ತಂದ ಮೊನ್ನೆಯ ದರ ಮೊನ್ನೆಯದೇ. ಇನ್ನೊಂದು ಮಗ್ಗುಲೂ ಇದಕ್ಕಿದೆ. ಭಾನುವಾರ ಮಾರುಕಟ್ಟೆಗೆ ರಜೆ ಇದ್ದರೆ ಸೋಮವಾರ ಬೆಳಿಗ್ಗೆಗೂ ಶನಿವಾರದ ದರವೇ ಕೊನೆಯ ದರ, ಅದು ಹಳೆಯದಾದರೂ ತಪ್ಪಲ್ಲ. ಹೊಸದೇನೂ ನಡೆದಿಲ್ಲವಾದ್ದರಿಂದ ಹಳೆಯದು ಉಳಿದಿರುವುದು ಬೇರೆ, ಹೊಸದು ನಡೆದಿದ್ದರೂ ನಮಗೆ ಗೊತ್ತಾಗದೆ ಹಳೆಯದು ಉಳಿದಿರುವುದು ಬೇರೆ. ಈ ಭೇದವನ್ನು ಎಚ್‌ಟಿಟಿಪಿ ಬಹಳ ಚೆನ್ನಾಗಿ ಗುರುತಿಸುತ್ತದೆ. ಮೊಬೈಲು ತನ್ನಲ್ಲಿರುವ ಪ್ರತಿಯ ಈಟ್ಯಾಗ್ ಎಂಬ ಗುರುತನ್ನು ಕಳಿಸಿ 'ಇದು ಬದಲಾಗಿದೆಯೇ' ಎಂದು ಕೇಳಬಹುದು. ಬದಲಾಗಿಲ್ಲದಿದ್ದರೆ ಸರ್ವರ್ ಇಡೀ ಪಟ್ಟಿಯನ್ನು ಮತ್ತೆ ಕಳಿಸದೆ 304 ಎಂಬ ಸಂಖ್ಯೆಯ ಪುಟ್ಟ ಉತ್ತರವನ್ನಷ್ಟೇ ಕೊಡುತ್ತದೆ. ವಿಚಾರಿಸಿ ನೋಡಿದ್ದೇವೆ, ಏನೂ ಬದಲಾಗಿಲ್ಲ ಎಂಬ ಈ ಖಾತರಿ ತುಂಬ ಬೆಲೆಯುಳ್ಳದ್ದು. ಅದನ್ನು ಪರದೆಗೆ ತರದೆ ಒಳಗೇ ಬಿಟ್ಟುಬಿಡುವ ಆ್ಯಪ್‌ಗಳು ತಮ್ಮಲ್ಲಿರುವ ತಿಳಿವಳಿಕೆಯನ್ನು ತಾವೇ ವ್ಯರ್ಥ ಮಾಡುತ್ತವೆ.

ಎಲ್ಲ ಮಾಹಿತಿಗೂ ಒಂದೇ ಅವಧಿ ಹಾಕುವುದು ಇನ್ನೊಂದು ಅಜಾಗರೂಕತೆ. ನಮ್ಮ ಕಡೆ ಕಟಕ್ ರೊಟ್ಟಿಯನ್ನು ಬುಟ್ಟಿಯಲ್ಲಿಟ್ಟು ವಾರಗಟ್ಟಲೆ ತಿನ್ನುತ್ತಾರೆ, ಅದರ ಜೊತೆಯ ಪಲ್ಯ ಮಾತ್ರ ಸಂಜೆಗೇ ಹಳಸುತ್ತದೆ. 2025-26ನೇ ಸಾಲಿಗೆ ಮೆಕ್ಕೆಜೋಳದ ಕನಿಷ್ಠ ಬೆಂಬಲ ಬೆಲೆ ಕ್ವಿಂಟಾಲಿಗೆ 2,400 ರೂಪಾಯಿ ಎಂದು ಒಮ್ಮೆ ಘೋಷಣೆಯಾದ ಮೇಲೆ ಅದನ್ನು ಗಂಟೆಗೊಮ್ಮೆ ತರಿಸಿಕೊಳ್ಳುವ ಅಗತ್ಯವಿಲ್ಲ. ವಾಣಿವಿಲಾಸ ಸಾಗರದ ಮಟ್ಟ ಅದರ 130 ಅಡಿಯಲ್ಲಿ ಎಷ್ಟಕ್ಕೆ ಬಂದಿದೆ ಎಂಬುದು ದಿನಕ್ಕೊಮ್ಮೆ ತಿಳಿದರೆ ಸಾಮಾನ್ಯ ದಿನಗಳಲ್ಲಿ ಸಾಕು. 1933ರ ನಂತರ ಮತ್ತೆ 2022ರಲ್ಲಿ ಕೋಡಿ ಬಿದ್ದಂಥ ದಿನಗಳಲ್ಲಿ ಮಾತ್ರ, ಕೆಳಗಿನ ಊರುಗಳವರಿಗೆ ಅದೇ ಅಂಕಿ ಗಂಟೆ ಗಂಟೆಗೂ ಬೇಕಾಗುತ್ತದೆ. ಸಿಡಿಲಿನ ಎಚ್ಚರಿಕೆಯ ಸಂಗತಿ ಬೇರೆಯೇ. ಅರ್ಧ ಗಂಟೆ ಹಳೆಯದಾದ 'ಅಪಾಯವಿಲ್ಲ' ಎಂಬ ಸಂದೇಶವನ್ನು ಹೊಲದಲ್ಲಿರುವವರಿಗೆ ತೋರಿಸುವುದಕ್ಕಿಂತ ಪರದೆಯನ್ನು ಖಾಲಿ ಬಿಡುವುದು ಮೇಲು. ಖಾತೆಯಲ್ಲಿರುವ ಹಣದ ವಿಚಾರದಲ್ಲಂತೂ ಪಾವತಿ ಮಾಡುವ ಕ್ಷಣದಲ್ಲಿ ದಾಸ್ತಾನನ್ನು ನಂಬಲೇಬಾರದು. ಹಳೆಯದಾದರೆ ಏನು ಕೆಡುತ್ತದೆ ಎಂದು ಕೇಳಿಕೊಂಡೇ ಅವಧಿಯನ್ನು ನಿರ್ಧರಿಸಬೇಕು, ಮತ್ತು ಅದನ್ನು ನಿರ್ಧರಿಸಬೇಕಾದವರು ಕೋಡ್ ಬರೆಯುವವರಷ್ಟೇ ಅಲ್ಲ, ಆ ಮಾಹಿತಿಯನ್ನು ನೆಚ್ಚಿ ಕೆಲಸ ಮಾಡುವವರನ್ನು ಬಲ್ಲವರು.

ಹಾಗಾದರೆ ಎಲ್ಲವನ್ನೂ ಕ್ಷಣಕ್ಷಣವೂ ತರಿಸಿಕೊಂಡರಾಯಿತು ಎನ್ನುವಂತೆಯೂ ಇಲ್ಲ. ಮಧ್ಯಾಹ್ನ ಟೆಂಡರ್ ಫಲಿತಾಂಶ ಬರುವ ಹೊತ್ತಿಗೆ ಸಾವಿರಾರು ಮೊಬೈಲುಗಳ ದಾಸ್ತಾನಿನ ಅವಧಿ ಒಟ್ಟಿಗೇ ಮುಗಿದರೆ, ಅಷ್ಟೂ ಮೊಬೈಲುಗಳು ಒಂದೇ ಗಳಿಗೆಯಲ್ಲಿ ಸರ್ವರಿನ ಬಾಗಿಲು ಬಡಿಯುತ್ತವೆ. ನವೀಕರಣವೇ ಸರ್ವರನ್ನು ಕೆಡವಿದ್ದಕ್ಕೆ ಫೇಸ್‌ಬುಕ್‌ನಲ್ಲಿ 2010ರ ಸೆಪ್ಟೆಂಬರ್ 23ರಂದು ನಡೆದದ್ದು ಕಣ್ಣೆದುರಿನ ಉದಾಹರಣೆ. ದಾಸ್ತಾನಿನಲ್ಲಿರುವ ಒಂದು ಸಂರಚನಾ ಮೌಲ್ಯ, ಅಂದರೆ ತಂತ್ರಾಂಶ ಹೇಗೆ ನಡೆಯಬೇಕೆಂದು ಹೇಳುವ ಸೆಟ್ಟಿಂಗ್, ತಪ್ಪಾಗಿದೆ ಎಂದು ಕಂಡರೆ ಅದನ್ನು ತೆಗೆದುಹಾಕಿ ಮೂಲ ದತ್ತಾಂಶ ಭಂಡಾರದಿಂದ ಸರಿಯಾದದ್ದನ್ನು ತರುವ ಸ್ವಯಂಚಾಲಿತ ಏರ್ಪಾಡು ಅಲ್ಲಿತ್ತು. ಅಂದು ಮೂಲದಲ್ಲಿದ್ದ ಮೌಲ್ಯವೇ ತಪ್ಪೆಂದು ಎಣಿಸಲ್ಪಟ್ಟದ್ದರಿಂದ ಎಲ್ಲ ಯಂತ್ರಗಳೂ ಮೂಲಕ್ಕೆ ಮುಗಿಬಿದ್ದವು. ಭಾರಕ್ಕೆ ಕುಸಿದ ಭಂಡಾರ ದೋಷ ಸಂದೇಶವನ್ನು ಕೊಟ್ಟಾಗ, ಆ ದೋಷವನ್ನೂ ತಪ್ಪು ಮೌಲ್ಯವೆಂದೇ ತಿಳಿದು ಯಂತ್ರಗಳು ದಾಸ್ತಾನನ್ನು ಮತ್ತೆ ಅಳಿಸಿ ಮತ್ತೆ ಕೇಳಿದವು. ಸುಮಾರು ಎರಡೂವರೆ ಗಂಟೆ ನಡೆದ ಈ ಸುಳಿಯನ್ನು ನಿಲ್ಲಿಸಲು ಕೊನೆಗೆ ಇಡೀ ತಾಣವನ್ನೇ ಮುಚ್ಚಬೇಕಾಯಿತು. ಹೊಸದು ಸಿಗದಿದ್ದರೆ ಕೈಯಲ್ಲಿರುವ ಹಳೆಯದನ್ನು ಎಸೆಯಬಾರದು ಎಂಬ ಪಾಠವನ್ನು ಆ ಘಟನೆ ಬಹಳ ದುಬಾರಿಯಾಗಿ ಕಲಿಸಿತು. ಸ್ಟೇಲ್-ಇಫ್-ಎರರ್ ಸೂಚನೆ ಹೇಳುವುದೂ ಇದನ್ನೇ. ನೂಕುನುಗ್ಗಲನ್ನು ತಗ್ಗಿಸುವ ಉಪಾಯಗಳು ಸರಳವಾದವು. ಒಂದೇ ಮಾಹಿತಿಗೆ ಹಲವರು ಕೇಳಿದಾಗ ಒಬ್ಬರನ್ನು ಮಾತ್ರ ಮೂಲಕ್ಕೆ ಕಳಿಸಿ ಉಳಿದವರಿಗೆ ಅದನ್ನೇ ಹಂಚುವುದು, ಪ್ರತಿ ಮೊಬೈಲಿನ ಅವಧಿಯಲ್ಲೂ ಕೆಲವು ನಿಮಿಷಗಳ ಏರುಪೇರು ಮಾಡಿ ಎಲ್ಲರೂ ಒಟ್ಟಿಗೆ ಬಾರದಂತೆ ನೋಡಿಕೊಳ್ಳುವುದು, ಸೋತಾಗ ಮರುಪ್ರಯತ್ನದ ಅಂತರವನ್ನು ಪ್ರತಿ ಸಲವೂ ದುಪ್ಪಟ್ಟು ಮಾಡುತ್ತಾ ಹೋಗುವುದು.

ಹೀಗೆ ಸೋತ ಪ್ರಯತ್ನಗಳ ಕಥೆ ಬಳಕೆದಾರರಿಗೆ ಗೊತ್ತಾಗುವುದೇ ಇಲ್ಲ ಎಂಬುದು ನನ್ನನ್ನು ಹೆಚ್ಚು ಕಾಡುವ ಸಂಗತಿ. ಪರದೆಯ ಮುಂದೆ ಮಾಹಿತಿ ತರುತ್ತಿದ್ದ ಕಾಲದಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ದೋಷದ ಸಾಲೊಂದು ಮುಖಕ್ಕೆ ರಾಚುತ್ತಿತ್ತು. ಅದು ಕಿರಿಕಿರಿಯಾದರೂ ನಿಜವನ್ನು ಹೇಳುತ್ತಿತ್ತು. ಕೆಲಸ ಹಿನ್ನೆಲೆಗೆ ಸರಿದಾಗ ಕಾಯುವ ಕಷ್ಟ ತಪ್ಪಿತು, ಅದರೊಂದಿಗೆ ಸೋಲಿನ ಸುದ್ದಿಯೂ ಮರೆಯಾಯಿತು. ತಂಗಳೆಂದು ಹೇಳಿ ಬಡಿಸಿದರೆ ಹಸಿದವರು ಬೇಕೋ ಬೇಡವೋ ನೋಡಿಕೊಳ್ಳುತ್ತಾರೆ. ಬಿಸಿಯೆಂದು ಹೇಳಿ ಬಡಿಸುವುದು ಮೋಸ, ಬಡಿಸಿದವರ ಮನಸ್ಸಿನಲ್ಲಿ ಮೋಸವಿಲ್ಲದಿದ್ದರೂ.

ಇದನ್ನು ಸರಿಪಡಿಸಲು ಹೊಸ ಶೋಧವೇನೂ ಬೇಕಿಲ್ಲ. ದರದ ಜೊತೆಗೇ ಅದು ನಿಗದಿಯಾದ ದಿನವನ್ನು ಮೂಲದಿಂದ ಪರದೆಯವರೆಗೆ ಬಿಡದೆ ಸಾಗಿಸಬೇಕು, ಮೊಬೈಲಿನ ಗಡಿಯಾರದಿಂದ ತಾರೀಖನ್ನು ಎಂದೂ ಹುಟ್ಟಿಸಬಾರದು. ಆ್ಯಪನ್ನು ತೆರೆದಾಗ ದಾಸ್ತಾನು ಗಡಿ ಮೀರಿದ್ದರೆ ಹಿನ್ನೆಲೆಯನ್ನು ನೆಚ್ಚಿಕೊಳ್ಳದೆ ಆ ಕ್ಷಣದಲ್ಲೇ ತರಿಸಬೇಕು, ತರುವವರೆಗೆ ಹಳೆಯ ಅಂಕಿಯನ್ನು ಮಸುಕಾಗಿ ತೋರಿಸಬಹುದು. ದರ ಬದಲಾದಾಗ ಸರ್ವರೇ ಮೊಬೈಲಿಗೆ ಒಂದು ಪುಟ್ಟ ಸೂಚನೆ ಕಳಿಸಿ ಎಬ್ಬಿಸುವ ದಾರಿಯೂ ಇದೆ. ತುರ್ತು ಎಂದು ಗುರುತು ಹಾಕಿದ ಸೂಚನೆಗಳು ಡೋಜ್ ಸ್ಥಿತಿಯಲ್ಲೂ ತಲುಪುತ್ತವೆ. ಆದರೆ ಅದನ್ನು ಬೇಕಾಬಿಟ್ಟಿ ಬಳಸಿದರೆ ವ್ಯವಸ್ಥೆ ಆ ಗುರುತಿಗೆ ಬೆಲೆ ಕೊಡುವುದನ್ನು ಬಿಟ್ಟುಬಿಡುತ್ತದೆ. ಆದ್ದರಿಂದ ದಿನಕ್ಕೊಮ್ಮೆ ಟೆಂಡರ್ ಆದ ಮೇಲೆ ಕಳಿಸುವುದಕ್ಕಷ್ಟೇ ಅದನ್ನು ಕಾಯ್ದಿರಿಸುವುದು ಸರಿ.

ಪರೀಕ್ಷೆಯನ್ನೂ ಬದಲಿಸಬೇಕು. ಆಂಡ್ರಾಯ್ಡ್‌ನಲ್ಲಿ ಕಂಪ್ಯೂಟರಿಗೆ ಜೋಡಿಸಿದ ಮೊಬೈಲಿಗೆ ಒಂದೇ ಸಾಲಿನ ಆದೇಶ ಕೊಟ್ಟು ಯಾವುದೇ ಆ್ಯಪನ್ನು ಅಪರೂಪದ ದರ್ಜೆಗೆ ಇಳಿಸಬಹುದು. ಇನ್ನೊಂದು ಆದೇಶದಿಂದ ಡೋಜ್ ಸ್ಥಿತಿಗೆ ತಳ್ಳಬಹುದು. ದರದ ಆ್ಯಪ್ ಬರೆಯುವ ತಂಡ ಪ್ರತಿ ಹೊಸ ಆವೃತ್ತಿಗೂ ಮೊದಲು ವೈಫೈ ಆರಿಸಿ, ಆ್ಯಪನ್ನು ಆ ದರ್ಜೆಗೆ ಇಳಿಸಿ, ಮೊಬೈಲನ್ನು ಎರಡು ದಿನ ಮೇಜಿನ ಖಾನೆಯಲ್ಲಿಟ್ಟು, ಮೂರನೆಯ ದಿನ ಸಿಗ್ನಲ್ ಇಲ್ಲದ ಕಡೆ ತೆರೆದು ನೋಡಲಿ. ಆಗ ಪರದೆಯ ಮೇಲೆ, ಅಂಕಿಯಷ್ಟೇ ದಪ್ಪ ಅಕ್ಷರದಲ್ಲಿ, 'ದಾವಣಗೆರೆ ಮೆಕ್ಕೆಜೋಳ, ಮೊನ್ನೆಯ ಟೆಂಡರ್ ದರ. ನಿನ್ನೆಯದು ಇನ್ನೂ ಸಿಕ್ಕಿಲ್ಲ' ಎಂದು ಕಾಣಿಸಬೇಕು. ಹಾಗೆ ಕಾಣಿಸದ ಆವೃತ್ತಿಯನ್ನು ಬಿಡುಗಡೆ ಮಾಡಬಾರದು.